ಅಂಟಿಸಿದ ಲಕೋಟೆ

ಜುಲೈ. ಬೆಳಗಿನ ಹತ್ತಕ್ಕೆ ಬೆಳಕು ಹರಿಯುವ ಊರು, ಪುಂತಾ ಅರೇನಾಸ್.
ಗಾಳಿಗೆ ಬಾಗಿ ಬಾಗಿ ಬಂದ ಕ್ಲೊದೊಮೀರೊ,
ಉಣ್ಣೆಯ ಟೋಪಿ ತಲೆಯ ಮೇಲಿಲ್ಲ, ಎಡಗೆನ್ನೆಗೆ ಒತ್ತಿಕೊಂಡಿದ್ದಾನೆ.
"ಕೂರಲು ಹೊತ್ತಿಲ್ಲ ಡಾಕ್ಟರಮ್ಮ,
ನಾಡಿದ್ದು ದೋಣಿ ಹೊರಡುತ್ತೆ.
ಆ ಕೆಂಪು-ಹಳದಿ ಕ್ಯಾಪ್ಸೂಲ್ ಬರೆದುಕೊಡಿ, ಸಾಕು.
ಹೋದ ವರ್ಷ ಅತ್ತಿಗೆಗೆ ಅದರಲ್ಲೇ ವಾಸಿಯಾಯಿತು."

ಅತ್ತಿಗೆಗೆ ಆಗಿದ್ದು ಮೂತ್ರದ ಸೋಂಕು,
ಆಮೇಲೆ ತಿಳಿಯಿತು.

ಹನ್ನೊಂದು ರಾತ್ರಿ ಹಲ್ಲು ಕಚ್ಚಿ ತಡೆದೆ ಅಂದ.
ಕಚ್ಚುವ ಹಲ್ಲೇ ನೋಯುವಾಗ
ಕಚ್ಚಿದ್ದು ಯಾವುದನ್ನೋ, ಕೇಳಲಿಲ್ಲ.

ತಣ್ಣನೆ ಹತ್ತಿ ಇಟ್ಟೆ: ಏನೂ ಇಲ್ಲ.
ಕನ್ನಡಿಯ ಹಿಡಿಯಿಂದ ಮೆಲ್ಲಗೆ ತಟ್ಟಿದೆ:
ಸೂರಿನವರೆಗೆ ಎದ್ದ.
ಒಳಗಿನ ನರ ಎಂದೋ ಸತ್ತಿತ್ತು,
ಬೇರಿನ ತುದಿಯೊಂದು ಸೂತಕ ಹಿಡಿದು ಕೂತಿತ್ತು.
ಊತವಿಲ್ಲ. ಜ್ವರವಿಲ್ಲ. ದವಡೆಯ ಕೆಳಗೆ ಗಂಟಿಲ್ಲ.

ಹೇಗೆ ಹೇಳಲಿ?
ಮಾತ್ರೆ ನಡೆಯುವುದು ರಕ್ತದ ದಾರಿಯಲ್ಲಿ,
ಸತ್ತ ಹಲ್ಲಿಗೆ ಆ ದಾರಿಯೇ ಕಡಿದಿದೆ.
ಸೇತುವೆ ಬಿದ್ದ ಊರಿಗೆ ಬಸ್ ಟಿಕೆಟ್ ಹರಿದುಕೊಡಲೇ?

"ಏಡಿಯ ಚಿಪ್ಪು ಒಡೆಯದೆ ಒಳಗೆ ತೊಳೆಯಬಲ್ಲೆಯಾ?" ಅಂದೆ.
ಮೂವತ್ತು ವರ್ಷ ಏಡಿ ಹಿಡಿದವನು
ಸುಮ್ಮನೆ ಕುರ್ಚಿಗೆ ಒರಗಿದ.

ಸೂಜಿ. ಆಮೇಲೆ ಕೊರೆತ.
ಕೊನೆಗೆ ಆ ನಾತ.
ಯೊಲಾಂದ ಕಿಟಕಿ ತೆರೆದಳು,
ಜಲಸಂಧಿಯ ಗಾಳಿ ನನ್ನ ಕಾಗದಗಳನ್ನೆಲ್ಲ ಹಾರಿಸಿತು.
ಮೂರು ನಾಳ ಸಿಕ್ಕವು. ನಾಲ್ಕನೆಯದು ಇರಲೇಬೇಕು ಎಂದು
ಅರ್ಧ ಗಂಟೆ ಹುಡುಕಿದೆ, ಕೂದಲೆಳೆಯ ದಾರಿ.
ತೊಳೆದೆ, ಕೆರೆದೆ, ಮತ್ತೆ ತೊಳೆದೆ,
ಸುಣ್ಣದಂಥ ಮದ್ದು ತುಂಬಿ ಬಾಗಿಲು ಮುಚ್ಚಿದೆ.

ಚೀಟಿಯಲ್ಲಿ ಎರಡೇ ಸಾಲು:
ಐಬುಪ್ರೊಫೆನ್, ಪ್ಯಾರಾಸಿಟಮಾಲ್. ಊಟದ ನಂತರ, ಮೂರು ದಿನ.
"ಹೊಟ್ಟೆಯಲ್ಲಿ ಹುಣ್ಣು?"
"ಇಲ್ಲ."
"ಕುಡಿತ?"
"ದಡದಲ್ಲಿ ಮಾತ್ರ."

ಅಲ್ಲಿಗೆ ಮುಗಿಯಬೇಕಿತ್ತು. ಪುಸ್ತಕದಲ್ಲಿ ಅಲ್ಲಿಗೇ ಮುಗಿಯುತ್ತದೆ.
ಹದಿನೆಂಟು ದಿನ ಸಮುದ್ರ. ದ್ವೀಪಗಳ ಆ ಕಡೆ
ರೇಡಿಯೊ ಕೂಡ ಕೆಮ್ಮುತ್ತದೆ.
ನಿಯಮ ಬರೆದವರು ಒಳ್ಳೆಯವರು,
ಅವರ ಆಸ್ಪತ್ರೆ ಪಕ್ಕದ ಬೀದಿಯಲ್ಲಿದೆ.
ನಾನೂ ಅದನ್ನೇ ಪಾಠ ಹೇಳಿದವಳು, ತರಗತಿಯಲ್ಲಿ, ಸೀಮೆಸುಣ್ಣ ಹಿಡಿದು.
ಪೆನ್ನು ಬಹಳ ಹೊತ್ತು ನಿಂತಿತು.

"ಪೆನಿಸಿಲಿನ್ ಒಗ್ಗುತ್ತದೆಯೇ?"
"ಅಮ್ಮ ಚಿಕ್ಕಂದಿನಲ್ಲಿ ಹಾಕಿಸಿದ್ದಳು. ಸಾಯಲಿಲ್ಲ."

ಯೊಲಾಂದ ಓಡಿಹೋಗಿ ಅಂಗಡಿಯಿಂದ ತಂದಳು.
ಲಕೋಟೆಗೆ ಹಾಕಿ ಅಂಟಿಸಿ ಮೇಲೆ ಬರೆದೆ:
ಮುಖ ಊದಿದರೆ, ಜ್ವರ ಬಂದರೆ, ಬಾಯಿ ತೆರೆಯದಿದ್ದರೆ ಮಾತ್ರ.
ಆಗಲೂ ಇದನ್ನೇ ನಂಬಿ ಕೂರಬೇಡ,
ದೋಣಿ ತಿರುಗಿಸು.
'ಮಾತ್ರ' ಎಂಬ ಪದಕ್ಕೆ ಎರಡು ಗೆರೆ ಎಳೆದೆ.

ಆಗಸ್ಟಿನಲ್ಲಿ ಬಂದ. ಕೈಗೆಲ್ಲ ಹಗ್ಗದ ಗಾಯ,
ಉಪ್ಪು ಹಿಡಿದ ಲಕೋಟೆ, ಹರಿದದ್ದು.
"ಊದಿತಾ?"
"ಇಲ್ಲಪ್ಪ! ಎರಡನೇ ದಿನಕ್ಕೇ ನೋವು ಮರೆತೆ."
"ಮತ್ತೆ ಇದು?"
ಬೆರಳು ಮಡಚಿ ಲೆಕ್ಕ ಒಪ್ಪಿಸಿದ:
ಅಡುಗೆಯ ತಿತೋನ ಕೆಮ್ಮಿಗೆ ನಾಲ್ಕು,
ಡೆಕ್ಕಿನ ಹುಡುಗನ ಕಿವಿಗೆ ಆರು,
ಒಂದು ಸಮುದ್ರಕ್ಕೆ ಬಿತ್ತು,
ಒಂದು, ನಗಬೇಡಿ, ನಾಯಿಗೆ.
ಉಳಿದ ಒಂಬತ್ತು ಇಲ್ಲಿವೆ, ಬೇರೆ ಯಾರಿಗಾದರೂ ಆದೀತು.

ಬೈದೆ. ತುಂಬ ಹೊತ್ತು ಬೈದೆ.
ಅರ್ಧ ಬೈಗುಳ ನನಗೇ ಎಂದು
ಯೊಲಾಂದಳಿಗೆ ಗೊತ್ತಾಯಿತು, ಅವನಿಗಲ್ಲ.

ಬಿಸಿ ರಬ್ಬರಿನಿಂದ ನಾಳಗಳನ್ನು ಮುಚ್ಚುತ್ತ
ನಡುವೆ ಕೇಳಿದೆ: "ಆ ಹುಡುಗನ ಕಿವಿ ಈಗ ಹೇಗಿದೆ?"
ಬಾಯಿಗೆ ಹಸಿರು ಹಾಳೆ ಬಿಗಿದಿತ್ತು, ನನ್ನ ಎರಡೂ ಕೈ ಒಳಗಿದ್ದವು.
ಹುಬ್ಬು ಎತ್ತಿ ಏನೋ ಹೇಳಿದ.
ವಾಸಿಯಾಯಿತು ಎಂದೋ,
ಕೇಳಿಸುವುದಿಲ್ಲ ಎಂದೋ.